ಉಪಗ್ರಹದ ದನಿ ಹಿಡಿಯುವ ಡಾಂಗಲ್: ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4 ಮತ್ತು ಡೈಪೋಲ್ ಕಿಟ್ ವಿಮರ್ಶೆ

ಪೆನ್‌ಡ್ರೈವಿಗಿಂತ ತುಸು ದಪ್ಪವಾದ ಅಲ್ಯೂಮಿನಿಯಂ ಡಬ್ಬಿಯಲ್ಲಿ ಕೂತ, ಯುಎಸ್‌ಬಿಗೆ ಚುಚ್ಚಿ ಕಂಪ್ಯೂಟರಿನಿಂದ ನಡೆಸುವ ರೇಡಿಯೊ ರಿಸೀವರ್ (ಡಾಂಗಲ್), ಎರಡು ಜೊತೆ ಎಳೆದು ಉದ್ದ ಮಾಡುವ ಕಡ್ಡಿ, ಮೂರು ಮೀಟರ್ ತೆಳು ಕೇಬಲ್. ಇಷ್ಟನ್ನೇ ಇಟ್ಟುಕೊಂಡು, 820 ಕಿಮೀ ಎತ್ತರದಲ್ಲಿ ಸೆಕೆಂಡಿಗೆ ಏಳೂವರೆ ಕಿಮೀ ವೇಗದಲ್ಲಿ ಓಡುವ ಹವಾಮಾನ ಉಪಗ್ರಹದಿಂದ ಮೋಡದ ಚಿತ್ರವನ್ನು ನೇರವಾಗಿ ಮನೆಯ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದೇ ಎಂದರೆ, ಹೌದು, ಇಳಿಸಿಕೊಳ್ಳಬಹುದು. ಭೂಮಿಯ ಕೆಳಕಕ್ಷೆಯ ಬಗ್ಗೆ ಓದುವುದು ಬೇರೆ, ಅಲ್ಲಿಂದ ಬರುವ ಸಿಗ್ನಲನ್ನು ಕೈಯಾರೆ ಅಳೆಯುವುದು ಬೇರೆ. ಎರಡನೆಯದಕ್ಕೆ ಇವತ್ತು ಇದಕ್ಕಿಂತ ಅಗ್ಗವಾದ, ನೆಚ್ಚಬಹುದಾದ ಸಾಧನ ಇನ್ನೊಂದಿಲ್ಲ. ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗ, ಹೈಸ್ಕೂಲಿನ ವಿಜ್ಞಾನ ಸಂಘ, ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಆಗಲು ಹೊರಟವರು ಧೈರ್ಯವಾಗಿ ಕೊಳ್ಳಬಹುದು. ಆದರೆ ಡಬ್ಬಿಯಲ್ಲಿ ಬಂದದ್ದಷ್ಟರಿಂದಲೇ ಪೇಟೆಯೊಳಗೆ ಕೆಲಸ ಆಗುತ್ತದೆ ಎಂದುಕೊಂಡು ಕೊಳ್ಳಬೇಡಿ. ಕಾರಣವನ್ನು ಮುಂದೆ ಬಿಡಿಸಿ ಹೇಳಿದ್ದೇವೆ.

ಒಳಗಿರುವುದು ಎರಡು ಮುಖ್ಯ ಚಿಪ್. ಡಿಜಿಟಲ್ ಟಿವಿ ಡಾಂಗಲ್‌ಗಾಗಿ ಮಾಡಿದ ಆರ್‌ಟಿಎಲ್2832ಯು, ಅದರ ಮುಂದೆ ಆರ್828ಡಿ ಟ್ಯೂನರ್. 500 ಕಿಲೋಹರ್ಟ್ಸ್‌ನಿಂದ ಸುಮಾರು 1.7 ಗಿಗಾಹರ್ಟ್ಸ್‌ವರೆಗೆ ಕೇಳುತ್ತದೆ. ಒಮ್ಮೆಗೆ 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಸ್ಯಾಂಪಲ್ ಬೀಳಿಸದೆ ಕೊಡುತ್ತದೆ. ಗಡಿಯಾರಕ್ಕೆ 1 ಪಿಪಿಎಮ್ (ಹತ್ತು ಲಕ್ಷದಲ್ಲಿ ಒಂದು ಪಾಲು) ನಿಖರತೆಯ ಟಿಸಿಎಕ್ಸ್‌ಒ, ಅಂದರೆ ತಾಪ ಬದಲಾದರೂ ಹೆಚ್ಚು ಕದಲದ ಆಂದೋಲಕ, ಇದೆ. ಅಂದರೆ ನಮಗೆ ಬೇಕಾದ ಉಪಗ್ರಹದ 137.9 ಮೆಗಾಹರ್ಟ್ಸ್‌ನಲ್ಲಿ ಹೆಚ್ಚೆಂದರೆ 138 ಹರ್ಟ್ಸ್ ಆಚೀಚೆ. ಬಿಳಿ ಪ್ಲಾಸ್ಟಿಕ್ಕಿನ ಹಳೇ ಟಿವಿ ಡಾಂಗಲ್‌ಗಳಲ್ಲಿ ಇದು ಹತ್ತಾರು ಪಿಪಿಎಮ್ ತಪ್ಪುತ್ತಿತ್ತು, ಬಿಸಿಯಾದಂತೆ ಸರಿಯುತ್ತಲೂ ಇತ್ತು. ಉಪಗ್ರಹದ ಕೆಲಸಕ್ಕೆ ಈ ಒಂದು ಭಾಗವೇ ಕೊಟ್ಟ ಹಣಕ್ಕೆ ಸಾರ್ಥಕ. ಹಾಗಿದ್ದರೂ ಪಾಸ್ (ಉಪಗ್ರಹ ನಮ್ಮ ಆಕಾಶದಲ್ಲಿ ಹಾಯುವ ಹೊತ್ತು) ಶುರುವಾಗುವ ಹತ್ತು ನಿಮಿಷ ಮೊದಲೇ ಡಾಂಗಲನ್ನು ಚುಚ್ಚಿ ಓಡಿಸಿಡಿ. ತಣ್ಣಗಿದ್ದದ್ದು ಕಾದು ಒಂದು ಹದಕ್ಕೆ ಬರುವ ತನಕ ಆವರ್ತನ ಸ್ವಲ್ಪ ಜಾರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಬಯಲಿಗೆ ಇಡಬೇಡಿ, ನೆರಳಿರಲಿ.

ಕೆಲಸ ಶುರು ಮಾಡುವ ಮೊದಲು ಒಂದು ಎಚ್ಚರಿಕೆ, ಏಕೆಂದರೆ ಹೊಸಬರು ಹೆಚ್ಚು ದಿನ ಕಳೆದುಕೊಳ್ಳುವುದು ಇಲ್ಲೇ. ಅಂತರ್ಜಾಲದಲ್ಲಿ ಸಿಗುವ ಪಾಠಗಳಲ್ಲಿ ಬಹುಪಾಲು ಅಮೆರಿಕದ ನೋವಾ-15, 18, 19 ಉಪಗ್ರಹಗಳ ಎಪಿಟಿ ಎಂಬ ಹಳೇ ಅನಲಾಗ್ ಬಗೆಯ ಚಿತ್ರಗಳ ಬಗ್ಗೆ ಇವೆ. ಆ ಮೂರೂ 2025ರಲ್ಲಿ ನಿವೃತ್ತಿಯಾದವು: 18 ಜೂನ್‌ನಲ್ಲಿ, 19 ಮತ್ತು 15 ಆಗಸ್ಟ್‌ನಲ್ಲಿ. 137.62, 137.9125, 137.1 ಎಂದು ಹಳೇ ಪಾಠದಲ್ಲಿರುವ ಆವರ್ತನಗಳಲ್ಲಿ ‘ಟಿಕ್-ಟಾಕ್’ ಸದ್ದಿಗಾಗಿ ಕಾದು ಕೂತರೆ ಏನೂ ಬರುವುದಿಲ್ಲ, ಡಾಂಗಲ್ ಕೆಟ್ಟಿದೆ ಎಂಬ ಅನುಮಾನವಷ್ಟೇ ಬರುತ್ತದೆ. ಈಗ ಆ ಪಟ್ಟಿಯಲ್ಲಿ ಚಿತ್ರ ಕಳಿಸುವವು ರಷ್ಯಾದ ಮಿಟಿಯೊರ್-ಎಮ್ ಸರಣಿಯ ಎನ್2-3 (2023 ಜೂನ್ ಉಡಾವಣೆ) ಮತ್ತು ಎನ್2-4 (2024 ಫೆಬ್ರವರಿ). ಇವು ಕಳಿಸುವುದು ಎಲ್‌ಆರ್‌ಪಿಟಿ ಎಂಬ ಡಿಜಿಟಲ್ ಸಿಗ್ನಲ್. ಆವರ್ತನ ಸಾಮಾನ್ಯವಾಗಿ 137.9, ಕೆಲವೊಮ್ಮೆ 137.1 ಮೆಗಾಹರ್ಟ್ಸ್. ಯಾವುದು ಎಂದು ಗೊತ್ತಾಗದಿದ್ದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ತೆಗೆಯುವ ಮಾದರಿಗಳು) 2.4 ದಶಲಕ್ಷಕ್ಕೆ ಇಟ್ಟು 137.5ಕ್ಕೆ ಟ್ಯೂನ್ ಮಾಡಿ, ವಾಟರ್‌ಫಾಲಿನಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಬಲವಿದೆ ಎಂದು ಬಣ್ಣದಲ್ಲಿ ಹರಿಸಿ ತೋರುವ ಪರದೆ) ಎರಡೂ ಜಾಗ ಒಟ್ಟಿಗೆ ಕಾಣುತ್ತವೆ. ಸುಮಾರು 120 ಕಿಲೋಹರ್ಟ್ಸ್ ಅಗಲದ ದಿಬ್ಬ ಎಲ್ಲಿ ಏಳುತ್ತದೋ ಅದೇ ಉಪಗ್ರಹ.

ಇನ್ನು ಆಂಟೆನಾ. ಕಿಟ್‌ನಲ್ಲಿ ಬರುವ ದೊಡ್ಡ ಜೊತೆ 23 ಸೆಂಮೀನಿಂದ 1 ಮೀಟರ್‌ವರೆಗೆ ಎಳೆಯಬಹುದು, ಚಿಕ್ಕ ಜೊತೆ 5 ಸೆಂಮೀನಿಂದ ಸುಮಾರು 14 ಸೆಂಮೀವರೆಗೆ. 137 ಮೆಗಾಹರ್ಟ್ಸ್‌ಗೆ ದೊಡ್ಡದು ಬೇಕು. ಪ್ರತಿ ತೋಳು 53.4 ಸೆಂಮೀ, ನಡುವಿನ ಕೋನ 120 ಡಿಗ್ರಿ. ಇದು ವಿ-ಡೈಪೋಲ್, ಅಂದರೆ ‘ವಿ’ ಆಕಾರದಲ್ಲಿ ಹರಡಿದ ಎರಡು ತೋಳಿನ ಆಂಟೆನಾ. ಎಲ್ಲರೂ ತಪ್ಪುವ ಜಾಗ ಅಳತೆ. ಕಡ್ಡಿ ಕೂರುವ ಪ್ಲಾಸ್ಟಿಕ್ ಬುಡದ ಒಳಗೂ ಸುಮಾರು 2 ಸೆಂಮೀ ಲೋಹವಿದೆ, ಅದೂ ಆಂಟೆನಾದ ಭಾಗವೇ. ಆದ್ದರಿಂದ ಕಡ್ಡಿಯನ್ನಷ್ಟೇ ಅಳೆಯುವುದಾದರೆ 51.4 ಸೆಂಮೀಗೆ ನಿಲ್ಲಿಸಿ. ಕೋನಮಾಪಕ ಹುಡುಕುವುದು ಬೇಡ: ಎರಡು ತುದಿಗಳ ನಡುವೆ ಟೇಪು ಹಿಡಿದು 92.5 ಸೆಂಮೀ ಬರುವಂತೆ ಹರಡಿದರೆ ಕೋನ ತಾನಾಗಿ 120 ಡಿಗ್ರಿ ಆಗಿರುತ್ತದೆ.

ಇದನ್ನು ನೆಲಕ್ಕೆ ಸಮಾನಾಂತರವಾಗಿ, ಮಲಗಿಸಿದಂತೆ ಇಡಬೇಕು. ಹಳೇ ಟಿವಿಯ ಮೊಲದ ಕಿವಿಯ ಹಾಗೆ ನಿಲ್ಲಿಸಿದರೆ ಕೆಲಸ ಕೆಡುತ್ತದೆ. ‘ವಿ’ಯ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಏಕೆಂದರೆ ಮಿಟಿಯೊರ್ ಧ್ರುವಗಳ ಮೇಲೆ ಹಾದು ಉತ್ತರ-ದಕ್ಷಿಣವಾಗಿಯೇ ಓಡುತ್ತದೆ. ಉಪಗ್ರಹದ ಸಿಗ್ನಲ್ ಬಲಸುತ್ತಿನ ವೃತ್ತಾಕಾರದ ಧ್ರುವೀಕರಣದ್ದು, ನಮ್ಮದು ನೇರ ಕಡ್ಡಿ. ಹೀಗಾಗಿ 3 ಡಿಬಿ (ಡೆಸಿಬೆಲ್), ಅಂದರೆ ಅರ್ಧ ಶಕ್ತಿ, ಕಳೆದುಹೋಗುತ್ತದೆ. ಅದನ್ನು ಒಪ್ಪಿಕೊಂಡರೆ ಒಂದು ಲಾಭವೂ ಇದೆ: ಕಡ್ಡಿ ಮಲಗಿರುವುದರಿಂದ ನೆಟ್ಟಗೆ ನಿಂತ ಆಂಟೆನಾಗಳಿಂದ ಹೊರಡುವ ವಾಕಿಟಾಕಿ, ಪೇಜಿಂಗ್‌ನಂಥ ನೆಲದ ಗದ್ದಲ ಬಹಳ ಕಡಿಮೆ ಸೇರುತ್ತದೆ. ನೆಲದಿಂದ ಅಥವಾ ಆರ್‌ಸಿಸಿ ತಾರಸಿಯಿಂದ ಅರ್ಧ ಮೀಟರಿನಿಂದ ಒಂದು ಮೀಟರ್ ಎತ್ತರ ಸಾಕು. ಇನ್ನೂ ಮೇಲೆ ಏರಿಸಿದರೆ ಒಳ್ಳೆಯದು ಎಂದು ಅನ್ನಿಸುತ್ತದೆ. ಆದರೆ ಕೆಳಗಿನ ಪ್ರತಿಫಲನದಿಂದಾಗಿ ಆಕಾಶದಲ್ಲಿ ಅಲ್ಲಲ್ಲಿ ಕುರುಡು ಪಟ್ಟಿಗಳು ಹುಟ್ಟಿ, ಪಾಸಿನ ನಡುವೆ ಲಾಕ್, ಅಂದರೆ ಸಿಗ್ನಲಿನ ಹಿಡಿತ, ತಪ್ಪುತ್ತದೆ. ಸಿಂಟೆಕ್ಸ್ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡ್, ಸೋಲಾರ್ ವಾಟರ್ ಹೀಟರ್, ತಗಡಿನ ಚಾವಣಿಯಿಂದ ಎರಡು ಮೀಟರಾದರೂ ದೂರವಿರಿ.

ಕಿಟ್‌ನ ಬಾಗುವ ಮೂರುಕಾಲು ಕಿಟಕಿ ಹತ್ತಿರಕ್ಕೆ ಸರಿ, ತಾರಸಿಯ ಗಾಳಿಗೆ ಆಗದು. ಉರುಳಿದಾಗ ಕಡ್ಡಿಯ ಬುಡದ ಗೆಣ್ಣು ಮುರಿಯುತ್ತದೆ. ವೈರಿಂಗ್ ಅಂಗಡಿಯಲ್ಲಿ ಸಿಗುವ ಒಂದಿಂಚಿನ ಪಿವಿಸಿ ಪೈಪಿಗೆ ಬುಡವನ್ನು ಕೇಬಲ್ ಟೈನಲ್ಲಿ ಬಿಗಿದು, ಪೈಪನ್ನು ಸಿಮೆಂಟ್ ತುಂಬಿದ ಡಬ್ಬದಲ್ಲಿ ನಿಲ್ಲಿಸುವುದು ಎಷ್ಟೋ ಮೇಲು. ಟೆಲಿಸ್ಕೋಪಿಕ್ ಕಡ್ಡಿಯ ಗೆಣ್ಣುಗಳೊಳಗೆ ಮಳೆನೀರು ಇಳಿದರೆ ಒಳಸಂಪರ್ಕ ಕೆಡುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಒಂದು ಮಳೆಗಾಲವೂ ತಾಳುವುದು ಕಷ್ಟ. ಕಾಯಂ ಆಗಿ ಹೊರಗಿಡುವವರು 3-4 ಮಿಮೀ ದಪ್ಪದ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಕಡ್ಡಿಯಿಂದ ಅದೇ ಅಳತೆಯ ‘ವಿ’ ಮಾಡಿಕೊಳ್ಳಿ, ಕಿಟ್‌ನದ್ದನ್ನು ಪ್ರಯೋಗಕ್ಕೆ ಇಟ್ಟುಕೊಳ್ಳಿ. ಕಿಟ್‌ನ ಆರ್‌ಜಿ174 ಕೇಬಲ್ ಈ ಆವರ್ತನದಲ್ಲಿ ಮೀಟರಿಗೆ ಸುಮಾರು ಮೂರನೇ ಒಂದು ಡಿಬಿ ತಿನ್ನುತ್ತದೆ. ಮೂರ್ನಾಲ್ಕು ಮೀಟರ್‌ಗೆ ಅಡ್ಡಿಯಿಲ್ಲ. ಇದನ್ನೇ ಹದಿನೈದು ಮೀಟರ್ ಎಳೆದು ಕೆಳಮನೆಗೆ ತರಬೇಡಿ. ಡಾಂಗಲನ್ನೇ ಮೇಲೆ ಒಯ್ದು ಲ್ಯಾಪ್‌ಟಾಪಿಗೆ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೊಡಿ.

ಈಗ ಪೇಟೆಯ ಮುಖ್ಯ ತೊಂದರೆ: ಎಫ್‌ಎಂ. ಲೆಕ್ಕ ಹೀಗಿದೆ. ಉಪಗ್ರಹ ನೆತ್ತಿಯ ಮೇಲಿದ್ದಾಗ 820 ಕಿಮೀ ದಾರಿಯಲ್ಲಿ ಸಿಗ್ನಲ್ ಸುಮಾರು 133 ಡಿಬಿ ಕುಗ್ಗುತ್ತದೆ. ದಿಗಂತದಲ್ಲಿದ್ದಾಗ ದೂರ 3,300 ಕಿಮೀ ದಾಟುತ್ತದೆ, ಅಂದರೆ ಇನ್ನೂ 12 ಡಿಬಿ ಕಡಿಮೆ. ಹೊರಡುವಾಗಲೇ ಕೆಲವೇ ವಾಟ್ ಇದ್ದದ್ದು ಇಲ್ಲಿಗೆ ಬರುವಷ್ಟರಲ್ಲಿ ಎಷ್ಟು ಉಳಿದೀತು? ಅತ್ತ 88ರಿಂದ 108 ಮೆಗಾಹರ್ಟ್ಸ್‌ನೊಳಗೆ ಕಿಲೋವಾಟ್‌ಗಟ್ಟಲೆ ಶಕ್ತಿಯ ಕೇಂದ್ರಗಳು ಊರೊಳಗೇ ನಿಂತಿವೆ. ಬೆಂಗಳೂರಿನಲ್ಲಿ 91.1ರಿಂದ 104ರವರೆಗೆ ಸಾಲಾಗಿ ಇವೆ, ನಡುವೆ ಆಕಾಶವಾಣಿಯ 101.3 ಮತ್ತು 102.9. ಡಾಂಗಲಿನಲ್ಲಿ ಸಿಗ್ನಲನ್ನು ಅಂಕಿಗೆ ತಿರುಗಿಸುವ ಪರಿವರ್ತಕ ಬರೀ 8 ಬಿಟ್‌ನದ್ದು. ದೊಡ್ಡ ದನಿಗೂ ಸಣ್ಣ ದನಿಗೂ ನಡುವೆ ಅದು ತಾಳಬಲ್ಲ ಅಂತರ ಸುಮಾರು 50 ಡಿಬಿ. ಅದಕ್ಕೂ ಮೊದಲೇ ಟ್ಯೂನರಿನ ಮುಂಭಾಗದ ಆಂಪ್ಲಿಫೈಯರ್ ಎಫ್‌ಎಂನಿಂದ ತುಂಬಿ ತುಳುಕಿದರೆ, ನೀವು 137.9ಕ್ಕೆ ಟ್ಯೂನ್ ಮಾಡಿದ್ದರೂ ಅಲ್ಲಿನ ನಾಯ್ಸ್ ಫ್ಲೋರ್ (ಹಿನ್ನೆಲೆ ಗದ್ದಲದ ಮಟ್ಟ) ಮೇಲೇರಿ ಉಪಗ್ರಹ ಅದರಡಿ ಮುಳುಗುತ್ತದೆ. ವಾಟರ್‌ಫಾಲಿನಲ್ಲಿ ಎಫ್‌ಎಂ ಹಾಡು ಕೇಳದೆಯೇ ಇದು ನಡೆಯುತ್ತದೆ. ಹಾಗಾಗಿ ಬಹಳಷ್ಟು ಜನ ಎಫ್‌ಎಂ ಮೇಲೆ ಅನುಮಾನವನ್ನೇ ಪಡುವುದಿಲ್ಲ.

ಪತ್ತೆ ಮಾಡುವ ಬಗೆ ಸುಲಭ. ಎಜಿಸಿ (ಗೇನನ್ನು ತಾನಾಗಿ ಹೊಂದಿಸುವ ವ್ಯವಸ್ಥೆ) ಆಫ್ ಮಾಡಿ, ಉಪಗ್ರಹ ಇಲ್ಲದ ಹೊತ್ತಿನಲ್ಲಿ 137.9ಕ್ಕೆ ಟ್ಯೂನ್ ಮಾಡಿ, ಗೇನನ್ನು, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣವನ್ನು, ಸೊನ್ನೆಯಿಂದ ಒಂದೊಂದೇ ಮೆಟ್ಟಿಲು ಏರಿಸಿ. ಆಂಟೆನಾ ಬಿಚ್ಚಿದಾಗಿನ ಮತ್ತು ಹಾಕಿದಾಗಿನ ನಾಯ್ಸ್ ಫ್ಲೋರ್ ನೋಡುತ್ತಾ ಹೋಗಿ. ಹಾಕಿದಾಗ ಕೆಲವು ಡಿಬಿ ಏರಬೇಕು, ಅದು ಆಕಾಶದ ಮತ್ತು ಊರಿನ ಸಹಜ ಗದ್ದಲ. ಆದರೆ ಯಾವುದೋ ಒಂದು ಮೆಟ್ಟಿಲಿನಲ್ಲಿ ಫ್ಲೋರ್ ದಿಢೀರನೆ ಎದ್ದು, ಎಲ್ಲೂ ಇಲ್ಲದ ಗೂಟಗಳು ನಿಂತರೆ, ಅದರಿಂದ ಎರಡು ಮೆಟ್ಟಿಲು ಕೆಳಗೆ ಬನ್ನಿ. ಅದೇ ನಿಮ್ಮ ಜಾಗದ ಗೇನ್. ಹಳ್ಳಿಯಲ್ಲಿ 40 ಡಿಬಿ ದಾಟಿದರೂ ನಡೆಯುತ್ತದೆ, ಎಫ್‌ಎಂ ಟವರಿನ ಹತ್ತಿರ 20ಕ್ಕೇ ಕಟ್ಟಿಹಾಕಬಹುದು. 20ಕ್ಕೇ ನಿಲ್ಲಬೇಕಾಗಿ ಬಂದರೆ ಎಫ್‌ಎಂ ತಡೆಯುವ ಬ್ಯಾಂಡ್‌ಸ್ಟಾಪ್ ಫಿಲ್ಟರ್ ಕೊಳ್ಳಲೇಬೇಕು. ವಿ4ನ ಒಳಗೇ ಎಫ್‌ಎಂಗೆ ಒಂದು ನಾಚ್ (ಆ ಪಟ್ಟಿಯನ್ನಷ್ಟೇ ತಗ್ಗಿಸುವ ಫಿಲ್ಟರ್) ಇದೆ ಎಂಬುದು ನಿಜ. ಅದು ತಗ್ಗಿಸುವುದು ಕೆಲವೇ ಡಿಬಿ, ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರಿಗೆ ಅದು ಸಾಲದು. ನಮ್ಮ ತೂಕದ ಅಭಿಪ್ರಾಯ: ದೊಡ್ಡ ಆಂಟೆನಾಕ್ಕೆ ಹಣ ಹಾಕುವ ಮೊದಲು ಈ ಫಿಲ್ಟರಿಗೆ ಹಾಕಿ.

ಆಮೇಲೆ ಬೇಕೆನಿಸಿದರೆ ಎಲ್‌ಎನ್‌ಎ, ಅಂದರೆ ಕಡಿಮೆ ಗದ್ದಲದ ಆಂಪ್ಲಿಫೈಯರ್. ಜೋಡಣೆಯ ಕ್ರಮ ಮುಖ್ಯ: ಆಂಟೆನಾ, ಫಿಲ್ಟರ್, ಎಲ್‌ಎನ್‌ಎ, ಕೇಬಲ್, ಡಾಂಗಲ್. ಎಲ್‌ಎನ್‌ಎ ಮೊದಲು ಹಾಕಿದರೆ ಎಫ್‌ಎಂ ಅದನ್ನೇ ಮುಳುಗಿಸುತ್ತದೆ, ಮುಂದಿನ ಫಿಲ್ಟರ್ ವ್ಯರ್ಥ. ಎಲ್‌ಎನ್‌ಎಗೆ ವಿದ್ಯುತ್ತನ್ನು ಡಾಂಗಲ್ ಕೇಬಲಿನೊಳಗೇ ಕಳಿಸಬಲ್ಲದು. ಈ ಬಯಾಸ್-ಟೀ ಸುಮಾರು 4.5 ವೋಲ್ಟ್ ಕೊಡುತ್ತದೆ, ಸಾಫ್ಟ್‌ವೇರಿನಲ್ಲಿ ಆನ್ ಮಾಡಬೇಕು. ಕ್ಯೂಎಫ್‌ಎಚ್ (ಸುರುಳಿಯಾಗಿ ತಿರುಚಿದ ಆಂಟೆನಾ) ಮತ್ತು ಮಡಚಿದ ಡೈಪೋಲ್‌ನಂಥ ಕೆಲವು ಆಂಟೆನಾಗಳು ನೇರ ವಿದ್ಯುತ್ತಿಗೆ ಶಾರ್ಟ್ ಇದ್ದಂತೆ. ಅವನ್ನು ಡಾಂಗಲಿಗೆ ನೇರ ಜೋಡಿಸಿ ಬಯಾಸ್-ಟೀ ಆನ್ ಮಾಡಬೇಡಿ.

ಎಫ್‌ಎಂ ಅಲ್ಲದ ಗದ್ದಲವೂ ಮನೆಯೊಳಗೆ ಇದೆ. ಎಲ್‌ಇಡಿ ಬಲ್ಬಿನ ಡ್ರೈವರ್, ಯುಪಿಎಸ್, ತಾರಸಿಯ ಸೋಲಾರ್ ಇನ್ವರ್ಟರ್, ಸಿಸಿಟಿವಿಯ ಈಥರ್‌ನೆಟ್ ತಂತಿ, ಲ್ಯಾಪ್‌ಟಾಪಿನ ಚಾರ್ಜರ್. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಆಮೇಲೆ ಮನೆಯ ಮೇನ್ ಒಂದು ನಿಮಿಷ ಇಳಿಸಿ ನೋಡಿ. ಫ್ಲೋರ್ ಬಿದ್ದರೆ ಕಳ್ಳ ಮನೆಯಲ್ಲೇ ಇದ್ದಾನೆ. ಯುಎಸ್‌ಬಿ 3 ಪೋರ್ಟಿಗಿಂತ 2 ಮೇಲು.

ಸಾಫ್ಟ್‌ವೇರ್ ವಿಚಾರ ಬೇಗ ಮುಗಿಸಬಹುದು. ವಿಂಡೋಸ್‌ನಲ್ಲಿ ಡ್ರೈವರ್ ಹಾಕುವ ಜಾಡಿಗ್ ಎಂಬ ಸಾಫ್ಟ್‌ವೇರ್ ತೆರೆದು ‘ಬಲ್ಕ್-ಇನ್, ಇಂಟರ್‌ಫೇಸ್ 0’ ಆರಿಸಿ ವಿನ್‌ಯುಎಸ್‌ಬಿ ಹಾಕಿ. ಕಣ್ತಪ್ಪಿ ಮೌಸಿನದ್ದೋ ಕೀಬೋರ್ಡಿನದ್ದೋ ಡ್ರೈವರ್ ಬದಲಿಸಿದರೆ ಅವು ನಿಂತುಹೋಗುತ್ತವೆ, ಹೆಸರು ಎರಡು ಸಲ ಓದಿ. ಲಿನಕ್ಸ್‌ನಲ್ಲಿ ವಿ4ಗೆ ಒಂದು ವಿಶೇಷ: ಹಳೇ ವಿತರಣೆಗಳ ಭಂಡಾರದಲ್ಲಿರುವ ಡ್ರೈವರ್ ಆರ್828ಡಿಯ ಮೂರು ಇನ್‌ಪುಟ್‌ಗಳನ್ನು ಸರಿಯಾಗಿ ಬದಲಿಸುವುದಿಲ್ಲ. ಡಾಂಗಲ್ ಪತ್ತೆಯಾಗುತ್ತದೆ, ವಾಟರ್‌ಫಾಲ್ ಓಡುತ್ತದೆ, ಆದರೆ ಸಿಗ್ನಲ್ ಇಲ್ಲ. ಹಳೆಯದನ್ನು ಪೂರ್ತಿ ತೆಗೆದು ತಯಾರಕರದೇ ಡ್ರೈವರ್ ಹಾಕಿ, ಕರ್ನಲ್ಲಿನ ಟಿವಿ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ. ಇದರ ಹಿಂದಿನ ಮಾದರಿಯಾದ ವಿ3ಯಲ್ಲಿ ಈ ತಕರಾರು ಇಲ್ಲ. ಹಳೇ ಕಂಪ್ಯೂಟರ್‌ಗಳಿರುವ ಶಾಲೆಯ ಲ್ಯಾಬಿಗೆ ವಿ3 ಕೊಂಡರೆ ನೆಮ್ಮದಿ, 137 ಮೆಗಾಹರ್ಟ್ಸ್‌ನಲ್ಲಿ ಎರಡರ ಫಲಿತಾಂಶಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಚಿತ್ರ ಬಿಡಿಸಲು ಸ್ಯಾಟ್‌ಡಂಪ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಮಿಟಿಯೊರ್ ಎಲ್‌ಆರ್‌ಪಿಟಿ 72ಕೆ ಪೈಪ್‌ಲೈನ್ ಆರಿಸಿ, ಸ್ಯಾಂಪಲ್ ರೇಟ್ 1.024, ಆವರ್ತನ 137.9, ಮೊದಲೇ ಕಂಡುಕೊಂಡ ಗೇನ್. ಉಪಗ್ರಹ ದಿಗಂತದಿಂದ ದಿಗಂತಕ್ಕೆ ಹಾಯಲು ನೆತ್ತಿಯ ಮೇಲಿನ ಪಾಸಿನಲ್ಲಿ 15 ನಿಮಿಷ ಬೇಕು. ಮೊದಲ ಎರಡು ಮೂರು ನಿಮಿಷ ಪರದೆಯ ಮೇಲಿನ ಚೌಕದಲ್ಲಿ ಚುಕ್ಕೆಗಳು ರಾಗಿ ಚೆಲ್ಲಿದ ಹಾಗೆ ಹರಡಿರುತ್ತವೆ. ಉಪಗ್ರಹ ಹತ್ತು ಹದಿನೈದು ಡಿಗ್ರಿ ಏರಿದಂತೆ ಅವು ನಾಲ್ಕು ಕಡೆಗೆ ಸರಿಯತೊಡಗುತ್ತವೆ. ನಡುವೆ ಕಪ್ಪು ಶಿಲುಬೆ ತೆರೆದುಕೊಳ್ಳುತ್ತದೆ, ನಾಲ್ಕು ಮೂಲೆಯಲ್ಲಿ ನಾಲ್ಕು ಗುಪ್ಪೆ ಗಟ್ಟಿಯಾಗುತ್ತವೆ. ಆ ಕ್ಷಣದಲ್ಲಿ ಡಿಫ್ರೇಮರ್ (ಡೇಟಾದ ತುಂಡುಗಳನ್ನು ಗುರುತಿಸುವ ಭಾಗ) ಹಸಿರಾಗಿ ಲಾಕ್ ಆಗುತ್ತದೆ, ಚಿತ್ರದ ಸಾಲುಗಳು ಇಳಿಯತೊಡಗುತ್ತವೆ. ಡಿಜಿಟಲ್ ಆದ್ದರಿಂದ ಮಸುಕು ಚಿತ್ರ ಎಂಬುದಿಲ್ಲ. ಬಂದರೆ ಪೂರ್ತಿ ಬರುತ್ತದೆ, ಲಾಕ್ ತಪ್ಪಿದರೆ ಅಷ್ಟು ಅಗಲದ ಕಪ್ಪು ಪಟ್ಟಿ.

ಚಿತ್ರದ ಗುಣ ನಿಜಕ್ಕೂ ಮನಸ್ಸು ತುಂಬುವಂಥದ್ದು. ಪಿಕ್ಸೆಲಿಗೆ 1 ಕಿಮೀ, ಅಗಲ 2,800 ಕಿಮೀ. ಒಳ್ಳೆಯ ಪಾಸಿನಲ್ಲಿ ಹಿಮಾಲಯದಾಚೆಯಿಂದ ಸಮಭಾಜಕ ವೃತ್ತದ ದಕ್ಷಿಣದವರೆಗೂ ಸಿಗುತ್ತದೆ. ಜೂನ್-ಜುಲೈನ ಹಗಲು ಪಾಸಿನಲ್ಲಿ ಪಶ್ಚಿಮ ಘಟ್ಟಕ್ಕೆ ಒತ್ತಿ ನಿಂತ ಮೋಡದ ದಂಡೆ, ಅದರ ಪೂರ್ವಕ್ಕೆ ದಿಢೀರನೆ ತೆಳುವಾಗುವ ಮಳೆನೆರಳು, ಮೋಡ ಸರಿದ ದಿನ ತುಂಗಭದ್ರಾ ಜಲಾಶಯದ ಕಪ್ಪು ಆಕಾರ ಸ್ಪಷ್ಟ. ರಾತ್ರಿ ಪಾಸಿನಲ್ಲಿ ಗೋಚರ ಬೆಳಕಿನ ಚಾನೆಲ್‌ಗಳು ಕಪ್ಪು. ಅತಿಗೆಂಪು ಚಾನೆಲ್ ಕಳಿಸುತ್ತಿದ್ದರಷ್ಟೇ ಚಿತ್ರ. ಎನ್2-4ರ ಸಿಗ್ನಲ್ ಗಟ್ಟಿ. ಎನ್2-3ರ ಆಂಟೆನಾ ಪೂರ್ತಿ ಬಿಚ್ಚಿಕೊಂಡಿಲ್ಲ ಎಂಬ ಅನುಮಾನ ಮೊದಲಿಂದ ಇದೆ, ನೆತ್ತಿಯ ಪಾಸಿನಲ್ಲೂ ಅದು ನಡುನಡುವೆ ಸೊರಗುತ್ತದೆ. ಮೊದಲ ಪ್ರಯತ್ನಕ್ಕೆ ಎನ್2-4ನ್ನೇ, ಅದೂ 40 ಡಿಗ್ರಿಗಿಂತ ಮೇಲೇರುವ ಪಾಸನ್ನೇ ಆರಿಸಿ.

ಇಲ್ಲಿಗೆ ಹೆಚ್ಚಿನವರು ನಿಲ್ಲಿಸುತ್ತಾರೆ. ಆದರೆ ಈ ಕಿಟ್‌ನ ನಿಜವಾದ ಬೆಲೆ ಇರುವುದು ಚಿತ್ರದ ಆಚೆ. ಕರ್ನಾಟಕದಲ್ಲಿ ಕೂತವರಿಗಂತೂ ಇದು ಬೇರೆ ಬಹಳಷ್ಟು ದೇಶದವರಿಗೆ ಸಿಗದ ಒಂದು ಪ್ರಯೋಗ ಕೊಡುತ್ತದೆ. ಭೂಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ. 1963ರಲ್ಲಿ ತುಂಬಾದಲ್ಲಿ ರಾಕೆಟ್ ಕೇಂದ್ರ ಹುಟ್ಟಿದ್ದೂ ಅದೇ ಕಾರಣಕ್ಕೆ. ಆ ರೇಖೆಯ ಆಸುಪಾಸಿನಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಎಫ್ ಪದರ ಮೇಲಕ್ಕೆ ಏಳುತ್ತದೆ, ಅದರ ತಳದಿಂದ ಸಾಂದ್ರತೆ ಕಡಿಮೆಯಾದ ಗುಳ್ಳೆಗಳು ಮೇಲೇರುತ್ತವೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಸಂಜೆ ಏಳೂವರೆಯಿಂದ ಮಧ್ಯರಾತ್ರಿವರೆಗೆ, ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ಇದರ ಆಟ ಜೋರು. 820 ಕಿಮೀಯಿಂದ ಬರುವ ಸಿಗ್ನಲ್ ಈ ಪದರವನ್ನು ಪೂರ್ತಿ ತೂರಿಕೊಂಡೇ ಬರಬೇಕು. ಅಲ್ಲಿ ಅದು ಚದುರಿ, ಕೆಳಗೆ ಸೇರುವಾಗ ಮಿನುಗುತ್ತದೆ. 137 ಮೆಗಾಹರ್ಟ್ಸ್‌ನಂಥ ತಗ್ಗು ಆವರ್ತನಕ್ಕೆ ಪೆಟ್ಟು ಇನ್ನೂ ಹೆಚ್ಚು. ಆಕಾಶ ಶುಭ್ರವಾಗಿದ್ದರೂ, ಉಪಗ್ರಹ ನೆತ್ತಿಯ ಮೇಲಿದ್ದರೂ ಲಾಕ್ ತಪ್ಪುತ್ತದೆ.

ಇದನ್ನು ಬೇರೆ ದೋಷಗಳಿಂದ ಬೇರ್ಪಡಿಸಲು ಗುರುತುಗಳಿವೆ. ಮನೆಯ ಗದ್ದಲವಾದರೆ ನಾಯ್ಸ್ ಫ್ಲೋರ್ ಏರುತ್ತದೆ, ಸಿಗ್ನಲ್ ಇದ್ದಲ್ಲೇ ಇರುತ್ತದೆ. ಮಿನುಗುವಿಕೆಯಲ್ಲಿ ಫ್ಲೋರ್ ಅಲ್ಲಾಡದು, ಸಿಗ್ನಲಿನ ದಿಬ್ಬವೇ ಸೆಕೆಂಡಿನ ಲೆಕ್ಕದಲ್ಲಿ ಕುಸಿದು ಏಳುತ್ತದೆ. ಡೈಪೋಲಿನ ಕುರುಡು ಪಟ್ಟಿಯಾದರೆ ಬೇರೆ ಬೇರೆ ದಿನವೂ ಆಕಾಶದ ಅದೇ ಜಾಗದಲ್ಲಿ, ನಿಧಾನವಾಗಿ ಇಳಿದು ಏರುತ್ತದೆ. ಹಗಲು ಪಾಸಿನಲ್ಲಿ ಇಲ್ಲದ ತೊಂದರೆ ಸಂಜೆಯ ನಂತರದ ಪಾಸಿನಲ್ಲಷ್ಟೇ ಇದ್ದರೆ, ಅದೂ ವಿಷುವದ ತಿಂಗಳಲ್ಲಿ, ಕಿಟ್ ಬದಲಿಸಬೇಡಿ. ಸಿಗ್ನಲಿನ ಬಲವನ್ನು ಸೆಕೆಂಡಿಗೆ ಹತ್ತು ಸಲವಾದರೂ ದಾಖಲಿಸಿಡಿ. ಒಂದು ಋತುವಿನ ಇಂಥ ದಾಖಲೆ ಪದವಿ ವಿದ್ಯಾರ್ಥಿಯ ಪ್ರಾಜೆಕ್ಟಿಗೆ ಗಟ್ಟಿ ಸಾಮಗ್ರಿ.

ಎರಡನೆಯ ಪ್ರಯೋಗ ಡಾಪ್ಲರ್, ಅಂದರೆ ಉಪಗ್ರಹ ಹತ್ತಿರ ಬರುವಾಗ ಆವರ್ತನ ಏರಿ, ದೂರ ಹೋಗುವಾಗ ಇಳಿಯುವುದು. ಮಿಟಿಯೊರ್ ಉದಯಿಸುವಾಗ ಆವರ್ತನ ಸುಮಾರು 3 ಕಿಲೋಹರ್ಟ್ಸ್ ಮೇಲೆ, ಮುಳುಗುವಾಗ ಅಷ್ಟೇ ಕೆಳಗೆ. ಬಾಹ್ಯಾಕಾಶ ನಿಲ್ದಾಣದ 145.8 ಮೆಗಾಹರ್ಟ್ಸ್‌ಗೆ ಇದು 3.5 ಕಿಲೋಹರ್ಟ್ಸ್, 500 ಕಿಮೀ ಎತ್ತರದ ಕ್ಯೂಬ್‌ಸ್ಯಾಟಿನ (ಪುಟ್ಟ ಪೆಟ್ಟಿಗೆಯಂಥ ಉಪಗ್ರಹ) 437 ಮೆಗಾಹರ್ಟ್ಸ್‌ಗೆ 10 ಕಿಲೋಹರ್ಟ್ಸ್. ನೆತ್ತಿಯ ಪಾಸಿನಲ್ಲಿ ನಿಲ್ದಾಣ ಅತಿ ಹತ್ತಿರ ಬಂದ ಕ್ಷಣ ಆವರ್ತನ ಸೆಕೆಂಡಿಗೆ 60 ಹರ್ಟ್ಸ್‌ನಷ್ಟು ಜಾರುತ್ತದೆ. ಆದ್ದರಿಂದ ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡ್ ತಪ್ಪಿದ್ದರೂ ಲೆಕ್ಕ ಕೆಡುತ್ತದೆ, ಅಂತರ್ಜಾಲದ ಸಮಯಸೇವೆಯಾದ ಎನ್‌ಟಿಪಿಗೆ ಹೊಂದಿಸಿಕೊಳ್ಳಿ. ಟಿಸಿಎಕ್ಸ್‌ಒದ ತಪ್ಪಿಗೆ ಹೆದರಬೇಡಿ. ಪಾಸಿನುದ್ದಕ್ಕೂ ಅದು ಹೆಚ್ಚುಕಡಿಮೆ ಒಂದೇ ಇರುವುದರಿಂದ ವಕ್ರರೇಖೆ ಕೂರಿಸುವಾಗ ಸ್ಥಿರಾಂಕವಾಗಿ ಬೇರೆ ಬೀಳುತ್ತದೆ. ಒಂದೇ ರಾಕೆಟ್ಟಿನಿಂದ ಹತ್ತಾರು ಉಪಗ್ರಹ ಬಿಟ್ಟಾಗ, ರೇಡಾರ್ ಪಟ್ಟಿಯಲ್ಲಿ ಯಾವ ಸಂಖ್ಯೆ ಯಾರದ್ದು ಎಂದು ಮೊದಲ ದಿನಗಳಲ್ಲಿ ತಿಳಿಯುವುದಿಲ್ಲ. ಹೀಗೆ ಅಳೆದ ವಕ್ರರೇಖೆಯೇ ಆಗ ಗುರುತು ಹಚ್ಚುತ್ತದೆ. ಲಿಬ್ರೆ ಸ್ಪೇಸ್ ಫೌಂಡೇಶನ್ ನಡೆಸುವ ಸ್ಯಾಟ್‌ನಾಗ್ಸ್ ಜಾಲದಲ್ಲಿ ಹವ್ಯಾಸಿಗಳ ನೆಲಕೇಂದ್ರಗಳು ದಿನವೂ ಈ ಕೆಲಸ ಮಾಡುತ್ತಿವೆ. ಇದೇ ಡಾಂಗಲ್ ಮತ್ತು ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇದ್ದರೆ ನಿಮ್ಮ ತಾರಸಿಯೂ ಅದರಲ್ಲಿ ಸೇರಬಹುದು.

437 ಮೆಗಾಹರ್ಟ್ಸ್‌ಗೆ ಕಿಟ್‌ನ ಚಿಕ್ಕ ಜೊತೆಯನ್ನು ಪೂರ್ತಿ ಎಳೆಯಿರಿ, ಬುಡ ಸೇರಿ ಸುಮಾರು 16 ಸೆಂಮೀ ಆಗುತ್ತದೆ, ಅಳತೆ ಸರಿಹೊಂದುತ್ತದೆ. ಆದರೆ ಕ್ಯೂಬ್‌ಸ್ಯಾಟ್‌ಗಳ ಶಕ್ತಿ ಸಾಮಾನ್ಯವಾಗಿ ಒಂದು ವಾಟ್ ಆಚೀಚೆ. ಈ ಕಡ್ಡಿಯಿಂದ ಬೀಕನ್‌ನ (ಉಪಗ್ರಹದ ಗುರುತಿನ ಸಿಗ್ನಲ್) ಗೆರೆ ಕಂಡರೆ ಸಂತೋಷ, ಡೇಟಾ ಬಿಡಿಸಲು ಕೈಯಲ್ಲಿ ಹಿಡಿಯುವ, ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆಂಟೆನಾ ಬೇಕು. ನಿಲ್ದಾಣದ 145.8ಕ್ಕೆ ಪ್ರತಿ ತೋಳು ಬುಡ ಸೇರಿ 50 ಸೆಂಮೀ. ಎಫ್‌ಎಂ ದನಿಯಾದ್ದರಿಂದ ಅದು ಬಹಳ ಸುಲಭ. ಎಸ್‌ಎಸ್‌ಟಿವಿ (ದನಿಯ ರೂಪದಲ್ಲಿ ನಿಧಾನವಾಗಿ ಬರುವ) ಚಿತ್ರ ಕಳಿಸುವ ದಿನಗಳಲ್ಲಿ ಶಾಲೆಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಕೇಳುವುದಷ್ಟೇ ಇಲ್ಲಿನ ಮಾತು. ಆ ಪಟ್ಟಿಗಳಲ್ಲಿ ಪ್ರಸಾರ ಮಾಡಲು ಹ್ಯಾಮ್ ಲೈಸೆನ್ಸ್ ಕಡ್ಡಾಯ.

ಪಾಸಿನ ಸಮಯ ಲೆಕ್ಕಹಾಕಲು ಬೇಕಾದ ಕಕ್ಷೆಯ ದತ್ತಾಂಶ, ಅಂದರೆ ಟಿಎಲ್‌ಇ, ಎಷ್ಟು ಹಳತಾಗಿದೆ ಎಂಬುದೂ ನೋಡಬೇಕು. ಸೆಲೆಸ್‌ಟ್ರ್ಯಾಕ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. 820 ಕಿಮೀಯ ಮಿಟಿಯೊರ್‌ಗೆ ವಾರ ಹಳೆಯದೂ ನಡೆದೀತು. 350-400 ಕಿಮೀಯಲ್ಲಿ ಗಾಳಿಯ ಎಳೆತ ಬಲು ಹೆಚ್ಚು, ಅಲ್ಲಿಗೆ ಅದೇ ದಿನದ್ದು ಬೇಕು. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರ ನಾಲ್ಕನೇ ಹಂತವನ್ನೇ ಪ್ರಯೋಗಶಾಲೆ ಮಾಡಿ ಇಸ್ರೊ ಹಾರಿಸಿದ ಪೋಯೆಮ್-4 ಹೀಗೆ 350 ಕಿಮೀಯಲ್ಲಿ ಸುತ್ತುತ್ತಿತ್ತು. ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿ ಕಾಲೇಜಿನ ಹವ್ಯಾಸಿ ರೇಡಿಯೊ ಉಪಕರಣ, ಬೆಂಗಳೂರಿನ ಆರ್‌ವಿ ಕಾಲೇಜಿನ ಸೂಕ್ಷ್ಮಾಣು ಪ್ರಯೋಗ ಅದರಲ್ಲಿದ್ದವು. ಆ ಎತ್ತರದಿಂದ ಮುಂದೆ ಇಂಧನವನ್ನೇನೂ ಸುಡದೆ, ಎಳೆತದಿಂದಲೇ ಇಳಿಯುತ್ತಾ ಅದು 2025ರ ಏಪ್ರಿಲ್ 4ರಂದು ವಾತಾವರಣ ಸೇರಿತು: ಮೂರು ತಿಂಗಳು ಚಿಲ್ಲರೆ. ಸೌರ ಬಿರುಗಾಳಿಯ ಹೊತ್ತಿನಲ್ಲಿ ಮೇಲಿನ ವಾತಾವರಣ ಉಬ್ಬುತ್ತದೆ, ಎಳೆತ ಇನ್ನೂ ಏರುತ್ತದೆ. 2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು ಹೀಗೆಯೇ ಬಿದ್ದವು. ಆ ದಿನಗಳಲ್ಲಿ ನಿಮ್ಮ ಪಾಸಿನ ಸಮಯ ಸೆಕೆಂಡುಗಟ್ಟಲೆ ತಪ್ಪಿದರೆ ಅದನ್ನು ಬರೆದಿಡಿ. ಅದೂ ಒಂದು ಅಳತೆಯೇ.

ಹಾಗಾಗಿಯೇ ಕಚ್ಚಾ ಐಕ್ಯೂ ಫೈಲ್ (ಡಾಂಗಲ್ ಕೊಟ್ಟ ಸ್ಯಾಂಪಲ್‌ಗಳ ಇದ್ದಂತೆಯ ದಾಖಲೆ) ಉಳಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇವೆ. 1.024 ರೇಟಿನಲ್ಲಿ 15 ನಿಮಿಷಕ್ಕೆ 1.8 ಜಿಬಿ, 2.4ಕ್ಕೆ 4.3 ಜಿಬಿ. ಚಿತ್ರವನ್ನಷ್ಟೇ ಉಳಿಸಿದರೆ ಮಿನುಗುವಿಕೆ, ಡಾಪ್ಲರ್ ಎಲ್ಲ ಹೋಯಿತು. ಫೈಲಿನ ಹೆಸರಿನಲ್ಲೇ ಯುಟಿಸಿ ಸಮಯ, ಆವರ್ತನ, ರೇಟ್, ಗೇನ್ ಬರೆಯಿರಿ. ಆರು ತಿಂಗಳ ನಂತರ ಗೇನ್ ಎಷ್ಟಿತ್ತೆಂದು ಗೊತ್ತಿಲ್ಲದ ದಾಖಲೆಯನ್ನು ಇನ್ನೊಂದರ ಜೊತೆ ಹೋಲಿಸಲಾಗದು.

1.7 ಗಿಗಾಹರ್ಟ್ಸ್‌ನ ಹೆಚ್ಚು ಸ್ಪಷ್ಟ ಚಿತ್ರಗಳ ಆಸೆಗೆ ಇದನ್ನು ಕೊಳ್ಳಬೇಡಿ. ಅಲ್ಲಿಗೆ ಡಿಶ್, ಬೇರೆ ಎಲ್‌ಎನ್‌ಎ, ಉಪಗ್ರಹದ ಹಿಂದೆ ಡಿಶ್ ತಿರುಗಿಸುವ ತಾಳ್ಮೆ ಬೇಕು. ಡಾಂಗಲಿನ 2.4 ಮೆಗಾಹರ್ಟ್ಸ್ ಅಗಲ ಅಲ್ಲಿ ಬಹಳ ಕಡೆ ಸಾಲುವುದಿಲ್ಲ.

ಕೊಳ್ಳುವಾಗ ಒಂದು ಮಾತು. ಇದೇ ಬಣ್ಣದ ಡಬ್ಬಿ, ಇದೇ ಅಕ್ಷರಗಳಿರುವ ನಕಲು ಮಾಲು ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳ. ಕೆಲವದರಲ್ಲಿ ಟಿಸಿಎಕ್ಸ್‌ಒ ಇರುವುದಿಲ್ಲ, ಬಯಾಸ್-ಟೀ ಇರುವುದಿಲ್ಲ. ಬಂದ ದಿನವೇ ಡ್ರೈವರ್ ಹಾಕಿ, ಅದರ ಜೊತೆ ಬರುವ ಪರೀಕ್ಷಾ ಸಾಧನ ಆರ್‌ಟಿಎಲ್-ಟೆಸ್ಟ್ ಓಡಿಸಿ: ತಯಾರಕರ ಹೆಸರು ‘ಆರ್‌ಟಿಎಲ್‌ಎಸ್‌ಡಿಆರ್‌ಬ್ಲಾಗ್’, ಉತ್ಪನ್ನ ‘ಬ್ಲಾಗ್ ವಿ4’, ಟ್ಯೂನರ್ ಆರ್828ಡಿ ಎಂದು ಬರಬೇಕು. ಹೆಸರನ್ನೂ ನಕಲು ಮಾಡಬಹುದಾದ್ದರಿಂದ ಎರಡನೇ ಪರೀಕ್ಷೆ ತಪ್ಪಿಸಬೇಡಿ. ಆವರ್ತನ ಖಚಿತವಾಗಿ ಗೊತ್ತಿರುವ ಒಂದು ಸಿಗ್ನಲಿಗೆ ಟ್ಯೂನ್ ಮಾಡಿ, ಚುಚ್ಚಿದ ಕೂಡಲೇ ಒಮ್ಮೆ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಗೆರೆಯ ಜಾಗ ಗುರುತು ಮಾಡಿ. 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅದು ನೂರಿನ್ನೂರು ಹರ್ಟ್ಸ್‌ಗಿಂತ ಹೆಚ್ಚು ಸರಿದಿದ್ದರೆ ಒಳಗೆ ಟಿಸಿಎಕ್ಸ್‌ಒ ಇಲ್ಲ. ವಾಪಸು ಕಳಿಸುವ ಅವಧಿ ಮುಗಿಯುವ ಮೊದಲೇ ಕಳಿಸಿಬಿಡಿ.